ಚಂದಪ್ಪ ಗೌಂಡಿ ಎಳೆದ ಬೂದಿ ಗೆರೆ

ಇಪ್ಪತ್ತೆರಡು ವರ್ಷಗಳಿಂದ ನಾನು ಇಂಡಿ ಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಹಾಕಿಕೊಂಡು ಮನೆಗಳ ನಕ್ಷೆ ಬರೆಯುತ್ತಿದ್ದೇನೆ. ಅದರಲ್ಲಿ ಹದಿನೇಳು ವರ್ಷ ಚಂದಪ್ಪ ಗೌಂಡಿಯ ಜೊತೆ ಜಗಳವಾಡುವುದರಲ್ಲೇ ಹೋಗಿವೆ. ಈ ಮನುಷ್ಯನನ್ನು ನನ್ನ ಕೊರಳಿಗೆ ಯಾರು ಕಟ್ಟಿದರೋ ಗೊತ್ತಿಲ್ಲ. ನಾನು ಸಿವಿಲ್ ಡಿಪ್ಲೊಮಾ ಮಾಡಿದವನು, ಕಂಪ್ಯೂಟರಿನಲ್ಲಿ ಮನೆಯನ್ನು ಬುಗುರಿಯ ಹಾಗೆ ತಿರುಗಿಸಿ ತೋರಿಸಬಲ್ಲವನು. ಅವನು ಅಗರಖೇಡದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಪಾಟಿ ಚೀಲ ಮೂಲೆಗೆಸೆದು ಗಾರೆ ಕೆಲಸದ ಅಪ್ಪನ ಹಿಂದೆ ಮಣ್ಣು ಹೊರಲು ಹೋದವನು. ಆದರೂ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ನನ್ನ ನಕ್ಷೆಯನ್ನು ಕೈಯಲ್ಲಿ ಹಿಡಿದು, ಅಡ್ಡ ತಿರುಗಿಸಿ ಉದ್ದ ತಿರುಗಿಸಿ ನೋಡಿ, "ಇದರಾಗ ಮನಷ್ಯಾರು ಎಲ್ಲಿ ಇರ್ತಾರ್ರಿ ಸಾಹೇಬ್ರ?" ಎಂದು ಗಿರಾಕಿಯ ಎದುರೇ ಕೇಳುವ ಧೈರ್ಯ ಇರುವುದು ಅವನೊಬ್ಬನಿಗೆ.

ಅವನಿಗೆ ಈಗ ಅರವತ್ನಾಲ್ಕು. ತೆಳ್ಳಗಿನ ಮೈ, ಬಿಳಿ ಟೊಪ್ಪಿಗೆ, ಕಿವಿಯ ಸಂದಿಯಲ್ಲಿ ಮೊಂಡ ಪೆನ್ಸಿಲ್ಲು. ಗೋಡೆ ಒಂದು ನೂಲಿನಷ್ಟು ವಾಲಿದರೂ ದೂರದಿಂದಲೇ ಹೇಳುತ್ತಾನೆ. ಆಮೇಲೆ ಓಳಂಬದ ದಾರ ಇಳಿಬಿಟ್ಟು ನೋಡಿದರೆ ಅವನು ಹೇಳಿದ್ದೇ ಇರುತ್ತದೆ. ಕೈಗೆಲಸದಲ್ಲಿ ದೋಷ ಹುಡುಕುವಂತಿಲ್ಲ. ದೋಷವೆಲ್ಲ ಇರುವುದು ತಲೆಯಲ್ಲಿ. ಆ ತಲೆಯಲ್ಲಿ ಬೂದಿಯ ಹುಚ್ಚು ಹೊಕ್ಕು ಕೂತಿದೆ.

ಅದೇನೆಂದರೆ, ಪಾಯ ತೋಡುವ ಮೊದಲು ಎಲ್ಲ ಗೌಂಡಿಗಳೂ ಜಾಗದ ಮೇಲೆ ಸುಣ್ಣದ ಗೆರೆ ಹಾಕುತ್ತಾರೆ, ಹಾಕಿ ಮರುಗಳಿಗೆಗೆ ಗುದ್ದಲಿ ಹಿಡಿಯುತ್ತಾರೆ. ಚಂದಪ್ಪ ಸುಣ್ಣಕ್ಕಿಂತ ಒಂದು ದಿನ ಮೊದಲು ಬೂದಿಯ ಗೆರೆ ಹಾಕುತ್ತಾನೆ. ಒಲೆಯ ಬೂದಿಗೆ ನೀರು ಚಿಮುಕಿಸಿ, ಇಡೀ ನಕ್ಷೆಯನ್ನು ನೆಲದ ಮೇಲೆ ಬರೆದು, ಬಾಗಿಲಿರುವಲ್ಲಿ ಗೆರೆ ಬಿಟ್ಟು, ಕಿಟಕಿಯಿರುವಲ್ಲಿ ಎರಡು ಕಲ್ಲು ಇಡುತ್ತಾನೆ. ಆಮೇಲೆ ಮನೆಯವರೆಲ್ಲ ಬರಬೇಕು. ಒಲೆ, ಹಗ್ಗದ ಹೊರಸು, ಹಾಸಿಗೆ, ನೀರಿನ ಕೊಡ ಎಲ್ಲ ತರಬೇಕು. ಬೆಳಗಿನಿಂದ ಹೊತ್ತು ಮುಳುಗುವ ತನಕ ಆ ಗೆರೆಗಳ ಒಳಗೆ ಸಂಸಾರ ಮಾಡಬೇಕು. ಅವನು ಹೊರಗೆ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿರುತ್ತಾನೆ. ಸಂಜೆಗೆ ಎದ್ದು ಬಂದು ನನ್ನ ನಕ್ಷೆಯ ಎಲುಬು ಮುರಿಯುತ್ತಾನೆ.

ಬಸವನ ಬಾಗೇವಾಡಿಯಲ್ಲಿ ಸುಭಾಸ ಮಾಸ್ತರರ ಮನೆಯ ಕತೆ ಹೇಳಿದರೆ ನಿಮಗೆ ನನ್ನ ಸಂಕಟ ಗೊತ್ತಾದೀತು. ಮೂವತ್ತು ನಲವತ್ತರ ಜಾಗ, ನಕ್ಷೆ ಪಾಸಾಗಿತ್ತು, ಮಾಸ್ತರರು ಒಪ್ಪಿ ಸಹಿ ಹಾಕಿದ್ದರು. ನಾನು ಕಟ್ಟಡ ಶುರುವಾಗಿದೆಯೋ ನೋಡೋಣವೆಂದು ಹೋದರೆ, ಬಟ್ಟಬಯಲಲ್ಲಿ ಮಾಸ್ತರರ ಹೆಂಡತಿ ಜಯಮಾಲಾ ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಮಾಸ್ತರರ ತಂದೆ ಹೊರಸಿನ ಮೇಲೆ ಕೊಡೆ ಬಿಚ್ಚಿಕೊಂಡು ಮಲಗಿದ್ದಾರೆ. ಮಾಸ್ತರರು ಒಂದು ಮೂಲೆಯಲ್ಲಿ ಖುರ್ಚಿ ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಿದ್ದಾರೆ. ಓಣಿಯ ಮಂದಿಯೆಲ್ಲ ಸುತ್ತ ನಿಂತು ನಗುತ್ತಿದ್ದಾರೆ. ನಾನು ಮಾಸ್ತರರ ಕಡೆಗೆ ಹೆಜ್ಜೆ ಇಟ್ಟದ್ದೇ ತಡ, ಚಂದಪ್ಪ ಕೂತಲ್ಲಿಂದಲೇ ಗದರಿದ.

"ಸಾಹೇಬ್ರ, ಅದು ಗ್ವಾಡಿ ಐತ್ರಿ. ಗ್ವಾಡ್ಯಾಗ ಹೆಂಗ ಹಾಯ್ತೀರಿ? ಬಾಗಲಾ ಅಕಾಡಿ ಐತಿ, ಸುತ್ತ ಹಾಕಿ ಬರ್ರಿ."

ಬಿ.ಇ. ಮುಗಿಸಿದವರನ್ನೂ ಕೆಲಸಕ್ಕಿಟ್ಟುಕೊಂಡ ನಾನು, ಬೂದಿಯ ಗೋಡೆಯನ್ನು ಸುತ್ತಿ ಬೂದಿಯ ಬಾಗಿಲಿನಿಂದ ಒಳಗೆ ಹೋದೆ. ಹೋಗದಿದ್ದರೆ ಅವನು ಬಿಡುವುದಿಲ್ಲ. ಸಂಜೆ ಅವನ ತೀರ್ಪು ಬಂತು. ಅಡುಗೆಮನೆಯ ಒಲೆ ಇರುವ ಕಡೆ ತಪ್ಪು. ರೊಟ್ಟಿ ಬಡಿಯುವಾಗ ಆ ಹೆಣ್ಣುಮಗಳ ಬೆನ್ನು ಹಿತ್ತಲಿಗೆ ಬರುತ್ತದೆ, ಹಿತ್ತಲಲ್ಲಿ ನೀರಿನ ಹೊಂಡ, ಅಲ್ಲೇ ಆಕೆಯ ಎರಡು ವರ್ಷದ ಮಗಳು ಆಡುವುದು. ಇಪ್ಪತ್ತು ರೊಟ್ಟಿ ಬಡಿಯುವುದರೊಳಗೆ ಆಕೆ ಮೂವತ್ತೊಂದು ಸಲ ಹೊರಳಿ ನೋಡಿದಳು. ಅವನು ಒಂದೊಂದು ಸಲಕ್ಕೆ ಒಂದೊಂದು ಹರಳು ಎತ್ತಿಟ್ಟಿದ್ದ. ಆ ಹರಳುಗಳ ಗುಡ್ಡೆಯನ್ನು ನನ್ನ ಮುಂದೆ ಸುರಿದ.

"ಇಷ್ಟ ಸಲಾ ಕುತಗಿ ಹೊಳ್ಳಸಿದ್ರ ಆ ಹೆಣಮಗಳ ಗತಿ ಏನ್ರಿ? ಮನಿ ಕಟ್ಟಿಸಿ ಕುತಗಿ ನೋವು ಕೊಟ್ಟಂಗಾತಲ್ಲ."

"ಕಾಕಾ, ನಕ್ಷಾ ಪಾಸಾಗೇತಿ," ಎಂದೆ.

"ನಕ್ಷಾ ಪಾಸಾತು. ಮನಿ ಪಾಸಾಗಿಲ್ಲ."

ನಾನು ಎಷ್ಟು ಕೂಗಾಡಿದರೂ ಮಾಸ್ತರರು ಅವನ ಪಾಳಿಗೇ ಹೋದರು. ನಕ್ಷೆ ಮತ್ತೆ ಬರೆದೆ, ಮತ್ತೆ ಕಚೇರಿಗೆ ಅಲೆದೆ. ಅಲ್ಲಿಯ ಗುಮಾಸ್ತ "ಮತ್ತ ಚಂದಪ್ಪಾ ಏನ್ರಿ?" ಎಂದು ನಕ್ಕ. ಆ ನಗೆ ನನ್ನ ಮೈಯೆಲ್ಲ ಉರಿಸಿತು.

ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ ಮನೆ ಕಟ್ಟಿಸುವವರು ನನ್ನನ್ನು ಮೊದಲು ಕೇಳುವುದು ಎಲಿವೇಶನ್. ಮೊಬೈಲಿನಲ್ಲಿ ಯಾವುದೋ ಊರಿನ ಯಾರದೋ ಮನೆಯ ಫೋಟೊ ತೋರಿಸಿ "ಇಂಥಾದ ಬೇಕ್ರಿ" ಎನ್ನುತ್ತಾರೆ. ಮುಂದಿನ ಗೋಡೆಗೆ ಮೂರು ಬಣ್ಣ, ಮೇಲೊಂದು ಸ್ಟೀಲಿನ ಕಟಕಟೆ, ನಡುವೆ ಉದ್ದಾನುದ್ದ ಗಾಜು. ಒಳಗೆ ಎಷ್ಟು ಜನ, ಯಾರಿಗೆ ಮೊಣಕಾಲು ನೋವು, ಯಾರಿಗೆ ಓದು, ಯಾರಿಗೆ ನಿದ್ದೆ ಕಡಿಮೆ ಎಂದು ಅವರು ಹೇಳುವುದೂ ಇಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಒಂದು ಚೌಕ ಎಳೆದು ಬೆಡ್‌ರೂಮ್ ಎಂದು ಬರೆದುಬಿಟ್ಟರೆ ಅಲ್ಲಿ ನಿದ್ದೆ ತಾನಾಗಿಯೇ ಬರುತ್ತದೆ ಎಂದು ನಂಬಿದ್ದವನು ನಾನು.

ಈ ಬೂದಿಯ ಚಟ ಎಲ್ಲಿಂದ ಹತ್ತಿತು ಎಂದು ಚಂದಪ್ಪನನ್ನು ಕೇಳಿದ್ದು ಒಂದೇ ಸಲ. ಸಿಂದಗಿಗೆ ನನ್ನ ಮೋಟರ್ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದ. ಅವನು ಸ್ವಂತವಾಗಿ ಕಟ್ಟಿದ ಮೊದಲನೆಯ ಮನೆ ಸಿಂದಗಿ ಕಡೆಯ ಒಂದು ಹಳ್ಳಿಯಲ್ಲಿತ್ತಂತೆ. ಪಡಸಾಲೆಯಲ್ಲಿ ಸದಾ ಮಾವ, ಮೈದುನರು, ಬಂದ ಮಂದಿ. ಬಚ್ಚಲಿನ ಬಾಗಿಲನ್ನು ಇವನು ಸರಿಯಾಗಿ ಪಡಸಾಲೆಗೆ ಎದುರಾಗಿ ಇಟ್ಟಿದ್ದ. ಆ ಮನೆಗೆ ಹೊಸದಾಗಿ ಸೊಸೆ ಬಂದಳು. ನಾಲ್ಕು ವರ್ಷದ ಮೇಲೆ ಆಕೆ ಇವನ ಹೆಂಡತಿ ರೇಣವ್ವನ ಮುಂದೆ ಯಾವುದೋ ಮದುವೆಯಲ್ಲಿ ಅತ್ತು ಹೇಳಿಕೊಂಡಳಂತೆ.

"ನಾಕ ವರ್ಷ ಆಕಿ ಹೊತ್ತ ಹುಟ್ಟಿದ ಮ್ಯಾಲ ಜಳಕಾ ಮಾಡಿಲ್ಲರಿ ಸಾಹೇಬ್ರ," ಎಂದ ಚಂದಪ್ಪ ನನ್ನ ಬೆನ್ನ ಹಿಂದಿನಿಂದ. "ಗಂಡಸರು ಏಳೂಕಿಂತ ಮೊದಲ ಥಂಡಿ ನೀರ ಹಾಕ್ಕೊಂಡು ಮುಗಿಸ್ತಿದ್ಲಂತ. ಚಳಿಗಾಲದಾಗನೂ ಅಷ್ಟ. ಆ ಗ್ವಾಡಿ ಓಳಂಬಕ್ಕ ಒಂದ ಕೂದಲಷ್ಟೂ ಹೆಚ್ಚುಕಮ್ಮಿ ಇರಲಿಲ್ಲರಿ. ಏನ ಮಾಡೂದು ಅದನ್ನ ತಗೊಂಡು. ನೀವು ಗ್ವಾಡಿ ಬರೀತೀರಿ, ನಾವು ಗ್ವಾಡಿ ಕಟ್ತೇವಿ. ಮಂದಿ ಇರೂದು ಗ್ವಾಡಿ ಇಲ್ಲದಲ್ಲಿ."

ಆ ಮಾತು ಆವತ್ತು ನನಗೆ ನಾಟಬೇಕಿತ್ತು. ನಾಟಲಿಲ್ಲ. ಸೊಸೆ ಬಾಯಿಬಿಟ್ಟು ಹೇಳಿದ್ದರೆ ಬಾಗಿಲು ತಿರುಗಿಸಬಹುದಿತ್ತಲ್ಲ ಎಂದುಕೊಂಡು ಗಾಡಿ ಓಡಿಸಿದೆ.

ಆರು ವರ್ಷದ ಹಿಂದೆ ನಾನು ನನ್ನ ಮನೆ ಕಟ್ಟಿಸಿದೆ. ಸಿಂದಗಿ ರಸ್ತೆಗೆ ಹೊಂದಿದ ಜಾಗ, ಪಶ್ಚಿಮಕ್ಕೆ ಮುಖ. ಊರಿನ ಎಂಜಿನಿಯರನ ಮನೆ ಅಂದರೆ ಅದೇ ನನ್ನ ಜಾಹೀರಾತು. ಎರಡಂತಸ್ತಿನ ಎತ್ತರದ ಹಾಲ್, ಮುಂದಿನ ಗೋಡೆಯ ತುಂಬ ಗಾಜು, ಹಾಲಿನ ನಟ್ಟನಡುವಿನಿಂದ ಗಾಳಿಯಲ್ಲಿ ತೇಲುವಂತೆ ಮೇಲೇರುವ ಮೆಟ್ಟಿಲು, ಗೋಡೆಯೇ ಇಲ್ಲದ ಅಡುಗೆಮನೆ. ಕಟ್ಟುವುದಕ್ಕೆ ಚಂದಪ್ಪನನ್ನೇ ಕರೆದೆ. ಅವನಂಥ ಕೈ ಬೇರೆ ಯಾರದೂ ಇಲ್ಲ. ಅವನು ಬೂದಿಯ ಚೀಲ ಹಿಡಿದುಕೊಂಡೇ ಬಂದ.

"ಕಾಕಾ, ಇದೊಂದ ಮನಿಗೆ ಬೂದಿ ಬ್ಯಾಡ," ಎಂದೆ. "ಊರ ಮಂದಿ ನಗತಾರ. ಎಂಜಿನಿಯರ್ ಬೂದಿಯೊಳಗ ಕುಂತಾನ ಅಂತಾರ."

ಅವನು ನನ್ನ ಹೆಂಡತಿ ಸುನಂದಾಳ ಮುಖ ನೋಡಿದ. ಸುನಂದಾ ನನ್ನ ಮುಖ ನೋಡಿದಳು. ಚಂದಪ್ಪ ಚೀಲ ಮಡಚಿಟ್ಟು, ನನ್ನ ನಕ್ಷೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ, ಒಂದು ಅಂಗುಲ ಆಚೀಚೆ ಇಲ್ಲದಂತೆ ಕಟ್ಟಿಕೊಟ್ಟ. ಹತ್ತು ತಿಂಗಳು ಒಂದೇ ಒಂದು ಎದುರುಮಾತು ಆಡಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎನ್ನುತ್ತಾರೆ. ಕಟ್ಟಿದ ಮನೆಯಲ್ಲಿ ಇದ್ದು ನೋಡು ಎಂದು ಯಾರೂ ಹೇಳಿರಲಿಲ್ಲ. ಫಾಲ್ಗುಣ ಕಳೆಯುವುದರೊಳಗೆ ಆ ಗಾಜು ತನ್ನ ಗುಣ ತೋರಿಸಿತು. ಮಧ್ಯಾಹ್ನ ಎರಡರಿಂದ ಆರರ ತನಕ ಹಾಲಿಗೆ ಕಾಲಿಡುವಂತಿರಲಿಲ್ಲ. ಸುನಂದಾ ಮೊದಲ ಬೇಸಿಗೆಯಲ್ಲೇ ಅಲ್ಲಿ ಶಾವಿಗೆ, ಹಪ್ಪಳ ಒಣಗಿಸಲು ಶುರುಮಾಡಿದಳು. ಮಾಳಿಗೆಯ ಮೇಲಿಗಿಂತ ಹಾಲಿನಲ್ಲಿ ಬೇಗ ಒಣಗುತ್ತಿದ್ದವು. ಎರಡನೆಯ ಬೇಸಿಗೆಗೆ ಗಾಜಿನ ಉದ್ದಕ್ಕೂ ಹಳೆಯ ಕೌದಿಗಳನ್ನು ಕಟ್ಟಿದಳು. ಯಾರಾದರೂ ಗಿರಾಕಿಗಳು ಮನೆ ನೋಡಲು ಬರುತ್ತೇವೆಂದು ಫೋನ್ ಮಾಡಿದರೆ ನಾವಿಬ್ಬರೂ ಓಡಾಡಿ ಕೌದಿ ಬಿಚ್ಚುತ್ತಿದ್ದೆವು. ಅವರು ಫೋಟೊ ಹೊಡೆದುಕೊಂಡು ಹೋದ ಮೇಲೆ ಮತ್ತೆ ಕಟ್ಟುತ್ತಿದ್ದೆವು. ಒಗ್ಗರಣೆ ಹಾಕಿದರೆ ಮೇಲಿನ ಖೋಲಿಯಲ್ಲಿ ಮಲಗಿದವರು ಕೆಮ್ಮುತ್ತಿದ್ದರು. ಮೇಲೆ ಫೋನಿನಲ್ಲಿ ಮಾತಾಡಿದರೆ ಕೆಳಗೆ ಬಂದ ಬೀಗರಿಗೆ ಕೇಳುತ್ತಿತ್ತು.

ಕೊನೆಗೆ ನಾವು ಎಲ್ಲಿ ಸಂಸಾರ ಮಾಡಿದೆವು ಗೊತ್ತೇ? ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಆರಡಿ ನೆರಳಿನಲ್ಲಿ. ಅಲ್ಲೇ ಊಟ, ಅಲ್ಲೇ ಕಾಳು ಆರಿಸುವುದು, ಅಲ್ಲೇ ಮಗಳು ಭಾಗ್ಯಜ್ಯೋತಿ ಡಿಗ್ರಿ ಪರೀಕ್ಷೆಗೆ ಓದಿದ್ದು. ಆ ಆರಡಿಯನ್ನು ನಾನು ನಕ್ಷೆಯಲ್ಲಿ ಬರೆದಿರಲೂ ಇಲ್ಲ. ನಾನೇ ಅಳತೆ ತಪ್ಪಿದ್ದರಿಂದ ಉಳಿದ ಜಾಗ ಅದು. ಮೇಲೆ ಥಳಕು ಒಳಗೆ ಹುಳುಕು ಅನ್ನುವ ಮಾತನ್ನು ನಾನು ಗಾಜು, ಸಿಮೆಂಟು ಹಾಕಿ ಕಟ್ಟಿಸಿದ್ದೆ. ಆದರೂ ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ. ಆರು ವರ್ಷ ಒಪ್ಪಿಕೊಳ್ಳಲಿಲ್ಲ.

ಭಾಗ್ಯಜ್ಯೋತಿಯನ್ನು ಮುದ್ದೇಬಿಹಾಳಕ್ಕೆ ಕೊಟ್ಟೆವು. ಅಳಿಯ ಕಲ್ಮೇಶ ಅಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಹುಡುಗ. ಈ ವರ್ಷ ಮಗಳಿಗೆ ಏಳು ತಿಂಗಳು ತುಂಬಿದಾಗ ನಮ್ಮ ಮನೆಯಲ್ಲೇ ಕುಬಸ ಇಟ್ಟುಕೊಂಡೆವು. ಹಸಿರು ಸೀರೆ ಉಡಿಸಿ ಹಾಲಿನಲ್ಲಿ ಖುರ್ಚಿಯ ಮೇಲೆ ಕೂಡಿಸಿದರು. ಗಿರಾಕಿಗಳೂ ಬರುವವರಿದ್ದರು, ಆದ್ದರಿಂದ ಕೌದಿ ಬಿಚ್ಚಿಸಿದ್ದೆ. ಬಿಸಿಲು ಸರಿದಂತೆಲ್ಲ ಹೆಂಗಸರು ಆ ಬಸುರಿಯ ಖುರ್ಚಿ ಸರಿಸುತ್ತಿದ್ದರು. ನಾಲ್ಕು ಸಲ ಸರಿಸಿದರು. ಕೊನೆಗೆ ಇಬ್ಬರು ಸೆರಗು ಹಿಡಿದು ಅವಳ ಮುಖಕ್ಕೆ ನೆರಳು ಮಾಡಿ ಆರತಿ ಮುಗಿಸಿದರು. ಬೀಗತಿ ನೋಡುತ್ತಲೇ ಇದ್ದರು. ಹೋಗುವಾಗ "ಬೀಗರ ಮನಿ ನೋಡಾಕ ಭಾಳ ಛಂದ ಐತ್ರಿ" ಎಂದು ಹೇಳಿ ಹೋದರು.

ಮಂದಿಯೆಲ್ಲ ಹೋದ ಮೇಲೆ ಮಗಳು ಹಿತ್ತಲಿಗೆ ಬಂದು ನನ್ನ ಪಕ್ಕ ಕೂತಳು.

"ಅಪ್ಪಾ, ಸಿಟ್ಟಾಗಬ್ಯಾಡ. ಹಡಿಯಾಕ, ಬಾಣಂತನಕ್ಕ ನಾ ಹಿಪ್ಪರಗಿಗೆ ಹೋಗ್ತೇನಿ."

ಹೂವಿನ ಹಿಪ್ಪರಗಿ ಸುನಂದಾಳ ತವರು. ಅಲ್ಲಿ ಅವಳ ಅಣ್ಣ ಬಸಂತರಾಯರ ಮನೆ. ಚೊಚ್ಚಲ ಹೆರಿಗೆಗೆ ಮಗಳು ತನ್ನ ತವರಿಗೆ ಬರದೆ ಸೋದರಮಾವನ ಮನೆಗೆ ಹೋಗುವುದೆಂದರೆ, ಅಪ್ಪ ಅವ್ವ ಬದುಕಿದ್ದೂ ಇಲ್ಲದ ಲೆಕ್ಕ.

"ನಿನ್ನ ತವರುಮನಿ ಇದೋ, ಹಿಪ್ಪರಗಿಯೋ?"

"ಇದ. ಆದ್ರ ಇಲ್ಲಿ ಎಲ್ಲಿ ಇರಲಿ, ನೀನ ಹೇಳು."

"ಐದ ಖೋಲಿ ಅದಾವಲ್ಲ."

"ತೋರ್ಸು," ಎಂದು ಎದ್ದಳು.

ತುಂಬಿದ ಬಸುರಿ ಮುಂದೆ, ನಾನು ಹಿಂದೆ. ನಾನು ಎಷ್ಟೋ ಗಿರಾಕಿಗಳಿಗೆ ತೋರಿಸಿದ ಮನೆಯನ್ನು ನನ್ನ ಮಗಳು ನನಗೆ ತೋರಿಸಿದಳು. ಕೆಳಗಿನ ಖೋಲಿಯ ಬಾಗಿಲು ತೆಗೆದರೆ ಎದುರಿಗೇ ತಲಬಾಗಿಲು. ಬಂದವರು ಹೋದವರು ಎಲ್ಲರ ಕಣ್ಣೂ ನೇರ ಮಂಚದ ಮೇಲೆ. ಆ ಖೋಲಿಯ ಒಂದೇ ಕಿಟಕಿ ನನ್ನ ಗಿರಾಕಿಗಳು ನಿಂತು ಕಾಯುವ ಕಾರಿನ ಮಾಡಿಗೆ ತೆರೆಯುತ್ತದೆ. "ಇಲ್ಲಿ ಕೂಸಿಗೆ ಹಾಲ ಎಲ್ಲಿ ಕುಂತು ಕುಡಸಲಿ?" ಎಂದಳು. ಬಚ್ಚಲಿಗೆ ಹೋದೆವು. ನಾಲ್ಕಡಿ ಅಗಲ, ಅದರಲ್ಲಿ ಕಮೋಡು, ಅದರ ಪಕ್ಕ ಗಾಜಿನ ಅಡ್ಡಗೋಡೆ. "ಕೂಸಿಗೆ ನೀರ ಎರೆಯೋ ಆಯಿ ಇಲ್ಲಿ ಕಾಲ ಚಾಚಿ ಕೂಡತಾಳೇನು? ಕಾಲ ಮ್ಯಾಲ ಕೂಸಿನ ಎಲ್ಲಿ ಹಾಕ್ಕೋತಾಳ?" ಮೇಲಿನ ಖೋಲಿಗಳಿಗೆ ಅವಳು ಹತ್ತಲೇ ಇಲ್ಲ. ಮೆಟ್ಟಿಲಿನ ಕೆಳಗೆ ನಿಂತು ನೋಡಿದಳು. ನೋಟ ಕೆಡುತ್ತದೆ ಎಂದು ನಾನು ಅದಕ್ಕೆ ಕಟಕಟೆ ಇಡಿಸಿರಲಿಲ್ಲ.

"ಏಸಿ ಹಾಕಸ್ತೇನಿ," ಎಂದೆ.

"ಕರೆಂಟ ಹೋದಾಗ? ಅಪ್ಪಾ, ನನಗ ಥಂಡಿ ಬ್ಯಾಡ. ಬಾಗಲಾ ಹಾಕ್ಕೊಂಡು ಸುಮ್ನ ಬಿದ್ಕೊಳ್ಳಾಕ ಒಂದ ಜಾಗಾ ಬೇಕು. ಮಾವನ ಮನಿಯಾಗ ಆ ಸಣ್ಣ ಕತ್ತಲ ಖೋಲಿ ಐತಲ್ಲ, ಅವ್ವ ನನ್ನ ಹಡದು ಮಲಗಿದ್ದು ಅಲ್ಲೆ. ಅಷ್ಟ ಸಾಕು."

ನಾನು ಸಿಟ್ಟಿಗೆದ್ದೆ. ಮಾವನ ಮನೆಯ ಮಣ್ಣಿನ ಖೋಲಿ ನಿನಗೆ ಅರಮನೆಯಾಯಿತೇ, ಅಪ್ಪನ ಮನೆ ಇಡೀ ಊರಿಗೆ ಛಂದ ಕಂಡರೂ ನಿನಗೊಬ್ಬಳಿಗೆ ಕಾಣಲಿಲ್ಲವೇ ಎಂದೆಲ್ಲ ಆಡಿದೆ. ಅವಳು ಸಂಜೆಯ ಗಾಡಿಗೆ ಗಂಡನ ಜೊತೆ ಮುದ್ದೇಬಿಹಾಳಕ್ಕೆ ಹೋದಳು. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ. ಇಪ್ಪತ್ತೆರಡು ವರ್ಷದಲ್ಲಿ ಊರ ಮಂದಿಗೆ ಮುನ್ನೂರು ಮನೆ ಬರೆದುಕೊಟ್ಟವನು, ನನ್ನ ಮಗಳಿಗೆ ಬಾಗಿಲು ಹಾಕಿಕೊಂಡು ಮಲಗುವ ಒಂದು ಮೂಲೆ ಕೊಟ್ಟಿರಲಿಲ್ಲ.

ಚಂದಪ್ಪನಿಗೆ ಫೋನ್ ಮಾಡಿದ್ದು ನಾನಲ್ಲ, ಸುನಂದಾ. ನನ್ನನ್ನು ಒಂದು ಮಾತು ಕೇಳಲಿಲ್ಲ. ಒಂದು ಮುಂಜಾನೆ ಅಗರಖೇಡದ ಬಸ್ಸಿಳಿದು ಅವನು ಬೂದಿಯ ಚೀಲ ಹೆಗಲಿಗೆ ಹಾಕಿಕೊಂಡು ಒಳಗೆ ಬಂದೇಬಿಟ್ಟ. ಹಾಲಿನ ಹೊಳೆಯುವ ಟೈಲಿನ ಮೇಲೆ ಈಶಾನ್ಯದ ಮೂಲೆ ಹಿಡಿದು ಹತ್ತಡಿ ಹನ್ನೆರಡಡಿಯ ಒಂದು ಚೌಕ ಎಳೆದ. ಹಾಲಿನ ಕಡೆಗೊಂದು, ಹಿತ್ತಲ ಕಡೆಗೊಂದು ಬಾಗಿಲು ಬಿಟ್ಟ. ಆಮೇಲೆ ಕೆಳಗಿನ ಖೋಲಿಗೆ ಹೋಗಿ ಅಲ್ಲಿದ್ದ ಮಂಚ ನೋಡಿ ನನ್ನ ಕಡೆ ತಿರುಗಿದ.

"ಸಾಹೇಬ್ರ, ಗೆರಿ ಆಮ್ಯಾಲ ನೋಡೂಣು. ಮೊದಲ ನೀವ ಈ ಮಂಚದ ಮ್ಯಾಲ ಬಾಣಂತಿ ಹಂಗ ಮಕ್ಕೋರಿ. ಹನ್ನೆರಡರಿಂದ ನಾಕರ ತನಕಾ. ಏಳೂದಿಲ್ಲ, ಫೋನ್ ಹಿಡಿಯೂದಿಲ್ಲ."

"ಕಾಕಾ, ನಿನಗ ಬುದ್ಧಿ ಐತೋ ಇಲ್ಲೋ?"

"ಮಕ್ಕೋರಿ," ಎಂದಳು ಸುನಂದಾ. ಒಂದು ಕೌದಿಯನ್ನು ಸುರುಳಿ ಸುತ್ತಿ ನನ್ನ ಪಕ್ಕಕ್ಕೆ ಇಟ್ಟಳು. "ಕೂಸು," ಎಂದಳು. ನಗಲಿಲ್ಲ ಕೂಡ.

ನಲವತ್ತೇಳು ವರ್ಷದ ಗಂಡಸು, ಕೌದಿಯ ಕೂಸನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ಮೊದಲ ಅರ್ಧ ತಾಸು ಚಂದಪ್ಪನನ್ನು ಬೈಯುವುದರಲ್ಲಿ ಕಳೆಯಿತು. ಆಮೇಲೆ ತಲಬಾಗಿಲು ತೆರೆಯಿತು, ಹಾಲು ಹಾಕುವವನು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಸ್ವಲ್ಪ ಹೊತ್ತಿಗೆ ಕರೆಂಟಿನ ಬಿಲ್ಲಿನವನು. ಅದಾದ ಮೇಲೆ ಒಬ್ಬ ಗಿರಾಕಿ ಕಿಟಕಿಯಲ್ಲಿ ಇಣುಕಿ, ಆರಾಮ ಇಲ್ಲೇನ್ರಿ ಸರ, ಎಂದ. ಬಾಗಿಲು ಹಾಕಿಸಿದೆ, ಸೆಕೆ ಏರಿತು. ಕಿಟಕಿ ಹಾಕಿಸಿದೆ, ಉಸಿರು ಕಟ್ಟಿತು. ಎರಡು ಗಂಟೆಗೆ ಬಾಗಿಲ ಸಂದಿಯಿಂದ ಹಾಲಿನ ಬಿಸಿಲು ಒಂದು ಪಟ್ಟಿಯಾಗಿ ಒಳಗೆ ಬಂದು ಸರಿಯಾಗಿ ಕೂಸಿನ ತಲೆ ಇರುವ ಕಡೆ ಬಿತ್ತು. ಕೌದಿಯನ್ನು ಈ ಪಕ್ಕಕ್ಕೆ ಎಳೆದುಕೊಂಡೆ. ಬಿಸಿಲೂ ಸರಿಯಿತು. ಮತ್ತೆ ಎಳೆದುಕೊಂಡೆ. ಒಗ್ಗರಣೆಯ ಘಾಟು ಬಂತು, ಕೆಮ್ಮು ಬಂತು. ನಾನು ಸುಮ್ಮನೆ ಒಂದು ಕೌದಿಯ ಸುರುಳಿಯನ್ನು ಬಿಸಿಲಿನಿಂದ ಕಾಯುತ್ತ, ಗೋಡೆಯ ಕಡೆ ಮುಖ ಮಾಡಿ, ಯಾರಾದರೂ ಬಾಗಿಲು ತೆಗೆದಾರು ಎಂದು ಹೆದರುತ್ತ ಮಲಗಿದ್ದೆ. ಒಂದು ಚಣವೂ ಕಣ್ಣು ಮುಚ್ಚಲಿಲ್ಲ. ನನಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು ಅದು.

ನಾಲ್ಕಕ್ಕೆ ಎದ್ದು ಹೊರಗೆ ಬಂದೆ. ಚಂದಪ್ಪ ಮೆಟ್ಟಿಲಿನ ಮೇಲೆ ಕೂತಿದ್ದ.

"ಎಲ್ಲಿ ಕಟ್ಟತಿ, ಹೇಳು," ಎಂದೆ.

ಅವನು ಎದ್ದು ಬೂದಿ ಗೆರೆಯ ಸುತ್ತ ನಡೆದು ತೋರಿಸತೊಡಗಿದ. ಬೂದಿಯ ಚೌಕದ ಗುಂಟ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹಳೆಯ ಜಂತಿ ಹಾಕಿ ತಗ್ಗಾದ ಮಾಳಿಗೆ, ಹಿತ್ತಲಿಗೆ ಹೊಂದಿ ಕಾಲು ಚಾಚುವಷ್ಟು ಅಗಲದ ಬಚ್ಚಲು. ಅದಕ್ಕೆಲ್ಲ ನಾನು ತಯಾರಿದ್ದೆ. ಆದರೆ ಹಾಲಿನ ಬಿಸಿಲು ನಿಲ್ಲಬೇಕಾದರೆ ಗಾಜಿನ ಒಳಗೂ ಆಳೆತ್ತರ ದಾಟಿ ಇಟ್ಟಂಗಿಯ ಗೋಡೆ ಏಳಿಸಬೇಕು, ಮೇಲಿನ ಗಾಜು ಎರಡು ಬಿಚ್ಚಿ ಗಾಳಿಗೆ ದಾರಿ ಮಾಡಬೇಕು ಎಂದ. ಅಂದರೆ ರಸ್ತೆಯಿಂದ ನೋಡಿದವರಿಗೆ ಗಾಜಿನ ಹಿಂದೆ ಕಾಣುವುದು ಇಟ್ಟಂಗಿಯ ಬೆನ್ನು. ನನ್ನ ಅಂಗಡಿಯ ಬೋರ್ಡಿನ ಮೇಲಿರುವ ಫೋಟೊ ಆ ಗಾಜಿನದೇ.

"ಗಿರಾಕಿಗೋಳು ಏನಂದಾರು ಕಾಕಾ?"

"ಗಿರಾಕಿಗೋಳು ಹಡಿಯಾಕ ಬರಾಂಗಿಲ್ಲಲ್ಲರಿ ಸಾಹೇಬ್ರ. ಬರಾಕಿ ಮಗಳು."

ಮಾರನೆಯ ದಿನ ಟೈಲು ಒಡೆಯುವ ಸದ್ದು ಕೇಳಿ ನಾನು ಅಂಗಡಿಗೆ ಓಡಿಹೋದೆ. ಮಗಳಿಗೆ ಫೋನ್ ಮಾಡಿ, ಹೊಸ ಖೋಲಿ ಏಳಾಕತ್ತೇತಿ, ಇಲ್ಲಿಗೇ ಬಾ ಎಂದು ಕೇಳಿಕೊಂಡೆ. ಅವಳು ಸುಲಭಕ್ಕೆ ಬಗ್ಗುವವಳಲ್ಲ. "ನೋಡ್ತೇನಿ ಅಪ್ಪಾ. ಹಿಪ್ಪರಗಿಗೆ ಹೊಂಟಾಗ ಬಂದು ನೋಡ್ತೇನಿ. ಮನಸಿಗೆ ಬಂದ್ರ ಇರ್ತೇನಿ, ಇಲ್ಲಂದ್ರ ಹೋಗ್ತೇನಿ. ಆಮ್ಯಾಲ ನೀ ಸಿಟ್ಟಾಗಂಗಿಲ್ಲ," ಎಂದಳು.

ಆ ಐದು ವಾರ ಊರು ನನ್ನನ್ನು ಸುಮ್ಮನೆ ಬಿಡಲಿಲ್ಲ. ಗಾಜು ಒಡೆದಿತ್ತೇನ್ರಿ ಎಂದು ಒಬ್ಬ, ವಾಸ್ತು ದೋಷ ಬಂದಿತ್ತೇನ್ರಿ ಎಂದು ಇನ್ನೊಬ್ಬ. ಚಡಚಣದ ಒಬ್ಬ ದ್ರಾಕ್ಷಿ ವ್ಯಾಪಾರಿ ನನ್ನ ಮನೆಯಂಥದೇ ಬೇಕೆಂದು ಬಂದವನು, ಮನೆ ನೋಡಿ ಬಂದ ದಾರಿ ಹಿಡಿದ. ಮನೆಯ ಒಳಗೆ ಚಂದಪ್ಪನ ಕಾಟ ಬೇರೆ. ಹಿಪ್ಪರಗಿಯ ಖೋಲಿ ನೋಡಲು ಹೋಗಿ ಅಲ್ಲಿ ಅರ್ಧ ದಿನ ಕತ್ತಲಲ್ಲಿ ಕೂತು ಬಂದ. ಬೆಳಕಿಂಡಿಯನ್ನು ಮೂರು ಸಲ ಕಟ್ಟಿ ಮೂರು ಸಲ ಕಿತ್ತ. ಮಲಗಿದವಳ ಕಣ್ಣಿಗೆ ಬೆಳಕು ಬೀಳಬಾರದು, ಕೂಸಿನ ಮುಖ ಮಾತ್ರ ಕಾಣಬೇಕಂತೆ. ನಾನು ಬೈದೆ, ಅವನು ಕಿತ್ತ.

ಏಪ್ರಿಲ್ ಕೊನೆಗೆ, ಖೋಲಿಗೆ ಒಳಗಿನ ಗಿಲಾವು ಮುಗಿದು ಹೊರಗಿನದು ಬಾಕಿ ಇದ್ದಾಗ, ಕಲ್ಮೇಶ ಕಾರಿನಲ್ಲಿ ಮಗಳನ್ನು ಕರೆತಂದ. ಸಾಮಾನನ್ನು ಗಾಡಿಯಿಂದ ಇಳಿಸಲಿಲ್ಲ. ಅಲ್ಲಿ ಹಿಪ್ಪರಗಿಯಲ್ಲಿ ಬಸಂತರಾಯರು ಸಂಜೆಗೆ ದಾರಿ ಕಾಯುತ್ತಿದ್ದರು. ಭಾಗ್ಯಜ್ಯೋತಿ ಮೆಲ್ಲಗೆ ನಡೆದು ಬಂದಳು, ಹಾಲಿನಲ್ಲಿ ನಿಂತು ಗಾಜಿನ ಕಡೆಯ ಇಟ್ಟಂಗಿ ನೋಡಿದಳು, ನನ್ನ ಮುಖ ನೋಡಿದಳು, ಖೋಲಿಯ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಆಗ ಹನ್ನೆರಡೂವರೆ.

ಒಂದಾಯಿತು, ಎರಡಾಯಿತು. ಸುನಂದಾ ಊಟಕ್ಕೆ ಎಬ್ಬಿಸಲು ಹೋಗಿ ಬಾಗಿಲಿಗೆ ಕಿವಿ ಹಚ್ಚಿ ಹಿಂದಕ್ಕೆ ಬಂದಳು. "ಗೊರಕಿ ಹೊಡ್ಯಾಕತ್ಯಾಳ," ಎಂದಳು ಪಿಸುಮಾತಿನಲ್ಲಿ. ಕಲ್ಮೇಶ ಗಡಿಯಾರ ನೋಡುತ್ತಿದ್ದ, ಹಿಪ್ಪರಗಿಗೆ ಹೊತ್ತಾಗುತ್ತದೆ ಎನ್ನುತ್ತಿದ್ದ, ಆದರೆ ಎಬ್ಬಿಸುವ ಧೈರ್ಯ ಅವನಿಗೂ ಇರಲಿಲ್ಲ. ನಾನು ಹಾಲಿನಲ್ಲಿ ಕೂತಿದ್ದೆ. ಮೂರು ಗಂಟೆಗೆ ಹಾಲಿನಲ್ಲಿ ಕೂತಿದ್ದೇನೆ ಎಂಬುದೇ ನನಗೆ ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ಈ ಆರು ವರ್ಷದಲ್ಲಿ ಬೇಸಿಗೆಯ ಮಧ್ಯಾಹ್ನ ಯಾರೂ ಈ ಮನೆಯಲ್ಲಿ ನಿದ್ದೆ ಮಾಡಿರಲಿಲ್ಲ. ನೋಡಲು ಬಂದವಳು ನಿದ್ದೆ ಹೋಗಿದ್ದಳು. ಒಪ್ಪಿ ಮಲಗಿದಳೋ, ದಣಿದು ಮಲಗಿದಳೋ ಯಾರಿಗೆ ಗೊತ್ತು.

ಆ ಹೊತ್ತಿಗೆ ಸರಿಯಾಗಿ ಚಂದಪ್ಪ ಹಿತ್ತಲಿನಿಂದ ಬಂದ. ಖೋಲಿಯ ಹೊರಗೋಡೆ ತಟ್ಟಿ ನೋಡಿ, ಸಾಧಾರಣ ದನಿಯಲ್ಲಿ, "ಸಾಹೇಬ್ರ, ಈ ಬಾಗಲಾ ಒಂದ ಗೇಣ ಈಕಾಡಿ ಸರೀಬೇಕಿತ್ತರಿ" ಎಂದ.

ನನಗೆ ಪಿತ್ತ ನೆತ್ತಿಗೇರಿತು. ಆದರೆ ಕೂಗುವಂತಿರಲಿಲ್ಲ. ಅವನ ರಟ್ಟೆ ಹಿಡಿದು, ಹಲ್ಲು ಕಚ್ಚಿ, ಪಿಸುಗುಟ್ಟಿ ಬೈದೆ. "ಕಾಕಾ, ಇನ್ನೊಂದ ಇಟ್ಟಂಗಿ ಮುಟ್ಟಿದ್ರ ನಿನ್ನ ಕೈ ಮುರೀತೇನಿ. ಐದ ವಾರ ಏನ ಮಾಡಿದಿ ನೀ? ಆವಾಗ ನಿನ್ನ ಕಣ್ಣ ಎಲ್ಲಿದ್ವು?"

"ಆವಾಗ ಖೋಲ್ಯಾಗ ಯಾರ ಮಲಗಿದ್ರಿ ನೋಡಾಕ?" ಎಂದು ಅವನೂ ಪಿಸುಗುಟ್ಟಿದ. "ಈಗ ಗೊತ್ತಾತು, ಆಕಿ ತಲಿ ಇಟ್ಟ ಕಡೆ ಬಾಗಲಾ ಹತ್ತರ ಐತಿ."

"ತಲಿ ಎಲ್ಲಿ ಇಟ್ಟಾಳ ನಿನಗ ಹೆಂಗ ಗೊತ್ತು?"

"ಗೊರಕಿ ಎಲ್ಲಿಂದ ಬರಾಕತ್ತೇತಿ ಕೇಳ್ರಿ."

ಹದಿನೇಳು ವರ್ಷದಲ್ಲಿ ನಾವು ಇಷ್ಟು ಸಣ್ಣ ದನಿಯಲ್ಲಿ ಇಷ್ಟು ದೊಡ್ಡ ಜಗಳ ಆಡಿರಲಿಲ್ಲ. ಸುನಂದಾ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಹಳೆಯ ಪುರಾಣವನ್ನೆಲ್ಲ ತೆಗೆದು ಇನ್ನೂ ಬೈಯುತ್ತಿದ್ದೆ. ಅಷ್ಟರಲ್ಲಿ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಖೋಲಿಯಲ್ಲಿ ಹಾಕಿದ್ದ ಹೊರಸಿನ ಹಗ್ಗದ ಬರೆ ಮೂಡಿತ್ತು. ಮಗಳು ಅರೆಗಣ್ಣಿನಲ್ಲಿ ನಮ್ಮಿಬ್ಬರನ್ನೂ ನೋಡಿದಳು.

"ಅಪ್ಪಾ, ಮುತ್ಯಾ, ಇಬ್ಬರೂ ಹೊರಗ ಹೋಗಿ ಜಗಳಾಡ್ರಿ. ನಾ ಇನ್ನೊಂದ ತಾಸು ಮಲಗ್ತೇನಿ. ನಿಮ್ಮ ಅಳಿಯಂದ್ರಿಗೆ ಮುದ್ದೇಬಿಹಾಳಕ್ಕ ಹೋಗಂತ ಹೇಳ್ರಿ, ಮಾವಗ ಫೋನ್ ಮಾಡ್ರಿ. ನಾ ಇಲ್ಲೆ ಇರ್ತೇನಿ."

ಹೇಳಿ ಬಾಗಿಲು ಹಾಕಿಕೊಂಡಳು. ನನ್ನ ಸ್ವಂತ ಮನೆಯಲ್ಲಿ, ನನ್ನ ಮುಖದ ಮೇಲೆ, ಚಿಲಕ ಹಾಕಿಕೊಂಡಳು. ಯಾರ ಗೃಹಪ್ರವೇಶದಲ್ಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.